ಕಾಲ್ಗುಣದ ಪರೀಕ್ಷೆ

ಮೇ 19, ಸೋಮವಾರ

ಇವತ್ತು ಇನ್ನೊಂದು ಬಿಳಿ ಮರಿ ಹೋಯಿತು. ಹಿತ್ತಲ ಬಾಗಿಲಲ್ಲಿ ರಾಗಿ ಹಸನು ಮಾಡುತ್ತಾ ಕೂತಿದ್ದೆ. ಕಣ್ಣೆದುರಿಗೇ ಹದ್ದು ಎರಗಿ ಎತ್ತಿಕೊಂಡು ಹೋಯಿತು. ತಾಯಿಕೋಳಿ ಕೂಗಾಡಿತು. ನಾನು ಕೂಗಾಡಲಿಲ್ಲ. ಈ ಮನೆಯಲ್ಲಿ ನಾನು ದನಿ ಎತ್ತಿದರೆ ಎಲ್ಲರೂ ಎತ್ತುತ್ತಾರೆ. ಅದಕ್ಕೇ ಇದರಲ್ಲಿ ಬರೆದುಕೊಳ್ಳುತ್ತೇನೆ.

ದುದ್ದದ ಸುತ್ತ ಬಿಳಿ ನಾಟಿಕೋಳಿ ಎಂದರೆ ನಮ್ಮ ಮನೆಯದೇ. ನಾನು ಈ ಮನೆಗೆ ಬಂದಾಗ ಇದ್ದವೆಲ್ಲ ಮಣ್ಣು ಬಣ್ಣದವು. ಬಿಳಿ ಹುಂಜವನ್ನೇ ಉಳಿಸಿ, ಬಿಳಿ ಹೇಂಟೆಯ ಮೊಟ್ಟೆಯನ್ನೇ ಕಾವಿಗಿಟ್ಟು, ಅರ್ಧ ಹಿಂಡನ್ನು ಬೆಳ್ಳಗೆ ಮಾಡಿದವಳು ನಾನು. ಆ ಅರ್ಧವೇ ಈಗ ಕರಗುತ್ತಿದೆ.

ಈ ತಿಂಗಳ ಮೊದಲ ವಾರ ಮಗ ಅರುಣನ ಮದುವೆಯಾಯಿತು. ಸೊಸೆ ಧನ್ಯಾ ಹೊಸಿಲು ದಾಟಿದ ಮೇಲೆಯೇ ಇದೆಲ್ಲ. ಅದೇ ವಾರ ತೆಂಗಿನ ತೋಟದ ಮೋಟಾರೂ ಸುಟ್ಟುಹೋಯಿತು. ಪಕ್ಕದ ಮನೆಯ ನೀಲಾಂಬಿಕೆ ಬಂದು, "ನಾ ಏಳಬಾರ್ದು ನಂಜಮ್ಮಕ್ಕ, ಆದ್ರೂ ಕಾಲ್ಗುಣ ಅನ್ನೋದು ಒಂದಿರ್ತದೆ ಕಣವ್ವ" ಎಂದಳು. ಹೇಳಬಾರದು ಎನ್ನುವವರೆಲ್ಲ ಹೇಳಿಯೇ ಹೋಗುತ್ತಾರೆ. ಅವರ ಮನೆಯಲ್ಲಿ ಕೋಳಿಯ ಗರಿಯೂ ಬೀಳುವ ಹಾಗಿಲ್ಲ. ಆದರೂ ಕೋಳಿಯ ವಿಷಯದಲ್ಲಿ ಅವಳಿಗೆ ಅಭಿಪ್ರಾಯವಿದೆ.

ಆದರೆ ಈ ಮಾತು ಮಾತ್ರ ಸರಿ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಕಂಡದ್ದನ್ನು ಕಂಡ ಹಾಗೆ ಹೇಳುವವಳು. ಸೊಸೆ ಬಂದಳು, ಮರಿ ಹೋದವು. ಇದರಲ್ಲಿ ನಾನು ಸೇರಿಸಿದ್ದು ಏನೂ ಇಲ್ಲ.

ಮೇ 21, ಬುಧವಾರ

ಮಾತು ಸೊಸೆಯ ಕಿವಿಗೆ ಬಿದ್ದಿದೆ. ಕಾಫಿ ಕೊಡುತ್ತಾ ನಗುನಗುತ್ತಲೇ ಕೇಳಿದಳು: "ಅತ್ತೆ, ಇವರ ಪೈಪಿನ ಅಂಗಡಿಗೆ ಹೋದ ವಾರ ದೊಡ್ಡ ಆರ್ಡರ್ ಬಂತಲ್ಲ, ಅದು ಯಾರ ಕಾಲ್ಗುಣ?"

"ಅದು ನಾನು ಶನಿವಾರ ಆಂಜನೇಯಂಗೆ ದೀಪ ಅಚ್ಚಿದ್ದು" ಎಂದೆ.

"ಒಳ್ಳೇದಾದ್ರೆ ನಿಮ್ ದೀಪ, ಕೆಟ್ಟದಾದ್ರೆ ನನ್ ಕಾಲು. ಈ ಆಟದಲ್ಲಿ ನಾನು ಗೆಲ್ಲೋದು ಯಾವಾಗ ಅತ್ತೆ?"

ಯಜಮಾನರು ಕಾಫಿ ಲೋಟದೊಳಗೇ ನಕ್ಕರು. ಮೂಗಿಗೆ ಹತ್ತಿತು. ಹತ್ತಬೇಕಾದದ್ದೇ.

ಸೊಸೆ ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ಮನುಷ್ಯನ ಕರುಳು ಎಷ್ಟು ಉದ್ದ ಎಂದು ಕೇಳಿದರೆ ಥಟ್ಟನೆ ಹೇಳುತ್ತಾಳೆ. ಮುದ್ದೆ ಮಾಡಿದರೆ ಗಂಟು.

ಮೇ 25, ಭಾನುವಾರ

ಊಟವಾದ ಮೇಲೆ ಧನ್ಯಾ ಅರುಣನಿಗೆ ಪಾತ್ರೆ ತೊಳೆಯಲು ಹೇಳಿದಳು. ಅವನು ಜಗಲಿಯ ಮೇಲೆ ಕಾಲು ಚಾಚಿಕೊಂಡು, ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಒಪ್ಪಿಸಿದ: "ನೋಡು, ಆದಿಕಾಲ್ದಿಂದ ಗಂಡಸ್ರು ಬ್ಯಾಟೆಗೆ ಓಗೋರು, ಎಂಗಸ್ರು ಗವೀಲಿರೋರು. ಪಾತ್ರೆ ತೊಳ್ಯೋದು ನಮ್ ರಕ್ತದಲ್ಲೇ ಇಲ್ಲ. ನೀನು ಪಾಠ ಮಾಡೋ ವಿಕಾಸವಾದಾನೇ ಕಣೆ ಇದು."

"ಅದು ವಿಕಾಸವಾದ ಅಲ್ಲ, ಸೋಮಾರಿತನ. ನೀವು ಹೇಳಿದ್ದು ತಪ್ಪು ಅಂತಾಗೋಕೆ ಏನು ಕಾಣ್ಬೇಕು? ಅದನ್ನ ಹೇಳಿ ಮೊದ್ಲು."

"ತಪ್ಪಾಗಾಕೆ ಸಾಧ್ಯಾನೇ ಇಲ್ಲ."

"ಹಂಗಾದ್ರೆ ಅದು ಬರೀ ಕತೆ. ಗಂಡಸರು ಪಾತ್ರೆ ತೊಳೀದಿದ್ರೆ ರಕ್ತದಲ್ಲಿಲ್ಲ ಅಂತೀರಿ, ತೊಳೆದ್ರೆ ಕಾಲ ಬದಲಾಯ್ತು ಅಂತೀರಿ. ಏನು ಕಂಡ್ರೂ ಸರಿಹೋಗೋ ಮಾತಿಂದ ಏನೂ ತಿಳಿಯಲ್ಲ."

ನನಗೆ ಒಳಗಿನಿಂದ ತಡೆಯಲಾಗಲಿಲ್ಲ. "ಲೋ, ನಿಮ್ಮಪ್ಪ ಬ್ಯಾಟೆಗೆ ಓಗಿದ್ದು ಯಾವತ್ಲಾ? ಇಲಿ ಕಂಡ್ರೆ ಮಂಚ ಅತ್ತೋರು."

ಯಜಮಾನರು ಹಸು ನೋಡಿಕೊಂಡು ಬರುತ್ತೇನೆಂದು ಎದ್ದು ಹೋದರು. ಹಸುವಿಗೇನೂ ಆಗಿರಲಿಲ್ಲ. ಅರುಣ ಪಾತ್ರೆ ತೊಳೆದ. ನಾನು ಸೊಸೆಯ ಪರ ವಹಿಸಿ ಆಡಿದ ಮಾತಲ್ಲ ಅದು. ಪಾತ್ರೆ ಹಾಗೇ ಬಿದ್ದಿದ್ದವು, ಅಷ್ಟೆ.

ಆದರೆ ಅವಳಿಗೆ ಸಲಿಗೆ ಸಿಕ್ಕಂತಾಯಿತು. "ಅತ್ತೆ, ನಿಮ್ಮನ್ನೂ ಅದೇ ಕೇಳ್ತೀನಿ. ಕಾಲ್ಗುಣ ಸುಳ್ಳು ಅನ್ನೋಕೆ ನಿಮಗೆ ಏನು ಕಾಣ್ಬೇಕು?" ಎಂದಳು.

"ನಿಂದೇನು ಮಾತು, ಅದನ್ನ ಏಳು ಮೊದ್ಲು."

ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಬೀಗರೂಟಕ್ಕೆ ಶಾಮಿಯಾನ ಹಾಕಲು ಲಂಟಾನದ ಬೇಲಿ ಕಡಿದು, ಹೊಂಗೆಯ ಕೊಂಬೆ ಇಳಿಸಿ, ನೆಲ ಕೆತ್ತಿ ಹಸನು ಮಾಡಿಸಿದ್ದೆವು. ಅಷ್ಟು ಜನಕ್ಕೆ ಎಲೆ ಹಾಕಬೇಕಾದರೆ ಮಾಡಿಸದೆ ಆಗುತ್ತದೆಯೇ. "ಮದುವೆ ಆಯ್ತು ಅಂತ ನಾನು ಬಂದೆ. ಮದುವೆ ಆಯ್ತು ಅಂತಾನೇ ಬೇಲಿ ಹೋಯ್ತು. ಎರಡೂ ಒಟ್ಟಿಗೆ ಆದ್ವು ಅಂದ ಮಾತ್ರಕ್ಕೆ ಮರಿ ಹೋಗಿದ್ದು ನನ್ನಿಂದ ಅಂತಾಗಲ್ಲ ಅತ್ತೆ. ಮರೆ ಇಲ್ಲ, ಕೆಂಪು ಮಣ್ಣಿನ ಮೇಲೆ ಬಿಳೀ ಮರಿ ಮೇಲಿಂದ ಎದ್ದು ಕಾಣ್ತದೆ. ಹಿಂಗೇ ಹೋದ್ರೆ ಬಿಳೀವು ಮೊಟ್ಟೆ ಇಡೋ ಹೊತ್ತಿಗೆ ಉಳಿಯಲ್ಲ. ಮಣ್ಣು ಬಣ್ಣದವು ಉಳಿದು ಮರಿ ಮಾಡ್ತವೆ, ಹಿಂಡೆಲ್ಲ ಆ ಬಣ್ಣಕ್ಕೇ ತಿರುಗ್ತದೆ. ನೀವು ಇಷ್ಟು ವರ್ಷ ಬಿಳೀವನ್ನ ಆರಿಸಿದ್ರಿ. ಈಗ ಹದ್ದು ಆರಿಸ್ತಾ ಇದೆ."

ನನ್ನನ್ನೂ ಹದ್ದನ್ನೂ ಒಂದೇ ತಕ್ಕಡಿಗೆ ಹಾಕಿದಳು. ನಾನು ಬಿಡಲಿಲ್ಲ. "ನಿನ್ ಮಾತು ಸುಳ್ಳಾಗಾದು ಎಂಗೆ ಮತ್ತೆ?"

"ಬಿಳೀವನ್ನೂ ಮಣ್ಣು ಬಣ್ಣದವನ್ನೂ ಸಮಸಮ ಬಿಟ್ಟು, ಹದ್ದು ಎರಡನ್ನೂ ಒಂದೇ ಥರ ಹೊತ್ಕೊಂಡು ಹೋದ್ರೆ ನನ್ ಮಾತು ಸುಳ್ಳು."

ಯೋಚಿಸದೆ ಉತ್ತರ ಕೊಡುವವರು ಒಂದೋ ದಡ್ಡರು, ಇಲ್ಲ ಮೊದಲೇ ಯೋಚಿಸಿ ಇಟ್ಟುಕೊಂಡವರು. ಇವಳು ದಡ್ಡಿಯಲ್ಲ. ಅದೇ ತೊಂದರೆ.

ಜೂನ್ 8, ಭಾನುವಾರ

ನೀಲಾಂಬಿಕೆ ಬಂದು ಮರಿಗಳ ಸಮಾಚಾರ ಕೇಳಿದಳು. "ಇನ್ನೇನವ್ವ, ಬಂದ ಕಾಲು ಅಂತಾದ್ದು" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆ. ಧನ್ಯಾ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಈ ಸಲ ನಗಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ಬಟ್ಟೆ ಹಿಂಡಿ ಒಣಗಲು ಹಾಕಿ ಒಳಗೆ ಹೋದಳು.

ಸಂಜೆ ಅರುಣ ಬಂದು ನಿಂತ. "ಅವ್ವ, ಆಸನ್‌ದಲ್ಲಿ ಒಂದು ಬಾಡಿಗೆ ಮನೆ ನೋಡಿವ್ನಿ. ಅವಳ ಕಾಲೇಜ್ಗೂ ಅತ್ರ, ನನ್ ಅಂಗ್ಡಿಗೂ ಅತ್ರ."

"ಓಗಿ. ಯಾರು ಬ್ಯಾಡ ಅಂದೋರು" ಎಂದೆ.

ಹೋಗಲಿ. ನಾನು ಯಾರನ್ನೂ ಕಟ್ಟಿಹಾಕಿಕೊಂಡು ಸಂಸಾರ ಮಾಡಿದವಳಲ್ಲ.

ಜೂನ್ 22, ಭಾನುವಾರ

ಆಷಾಢ ಹತ್ತಿರ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯೊಂದಿಗೆ ಒಂದೇ ಹೊಸಿಲು ದಾಟಬಾರದು. ನಾಳೆ ಸೋಮವಾರ ಧನ್ಯಾ ತವರಿಗೆ ಹೊರಡುತ್ತಾಳೆ, ಅರಕಲಗೂಡಿನ ಹತ್ತಿರದ ಹಳ್ಳಿಗೆ. ನಾಡಿದ್ದು ಮಂಗಳವಾರ, ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. "ಅತ್ತೆ, ಒಂದು ತಿಂಗಳು ನಾನಿರಲ್ಲ. ಮರಿ ಹೋಗೋದು ನಿಲ್ತದಾ?"

"ನಿಲ್ತದೆ."

"ನಿಲ್ದಿದ್ರೆ?"

ಎಲ್ಲರೂ ನನ್ನ ಮುಖ ನೋಡಿದರು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಓಡಿದ ಅಭ್ಯಾಸ ನನಗಿಲ್ಲ. "ನೀನಿಲ್ದಾಗ ಒಂದು ಮರಿ ಓದ್ರೂ ನನ್ ಮಾತು ಸುಳ್ಳು. ಆಮ್ಯಾಕೆ ಈ ಬಾಯಲ್ಲಿ ಕಾಲ್ಗುಣ ಅನ್ನಾಕಿಲ್ಲ."

"ಆಮೇಲೆ ನನ್ ಚಪ್ಪಲಿ ಇಲ್ಲಿತ್ತು, ಫೋನಲ್ಲಿ ಮಾತಾಡ್ದೆ, ಅದಕ್ಕೆ ಹೋಯ್ತು ಅನ್ನಂಗಿಲ್ಲ."

"ನಾನು ಮಾತು ತಿರುಗ್ಸೋಳಲ್ಲ."

"ಸರಿ. ಒಂದೂ ಹೋಗ್ಲಿಲ್ಲ ಅಂದ್ರೆ ನಾನು ಅಲ್ಲಿಂದ ಸೀದಾ ಹಾಸನದ ಮನೆಗೆ ಹೋಗ್ತೀನಿ. ನಿಮ್ ಕೋಳಿಗೆ ನನ್ನಿಂದ ತೊಂದ್ರೆ ಬೇಡ."

ದನಿ ಮೆತ್ತಗಿತ್ತು, ಆದರೆ ಕಣ್ಣು ಮುದ್ದೆಯ ಮೇಲಿತ್ತು. ಯಜಮಾನರು, "ಪಾಪ, ಅದ್ದಿಗೂ ಒಂದ್ಮಾತು ತಿಳ್ಸಬೇಕಾಗಿತ್ತು" ಎಂದರು. ಯಾರೂ ನಗಲಿಲ್ಲ.

ನಿನ್ನೆ ಕೊನೆಯ ಬಿಳಿ ಮರಿಯೂ ಹೋಗಿತ್ತು. ಈ ಗಲಾಟೆಯಲ್ಲಿ ಬರೆಯಲು ಮರೆತೆ.

ಜುಲೈ 2, ಬುಧವಾರ

ಒಂದೂ ಹೋಗಿಲ್ಲ.

ಜುಲೈ 6, ಭಾನುವಾರ

ಇವತ್ತೂ ಇಲ್ಲ. ನಾನು ಹೇಳಿದ ಹಾಗೆಯೇ ಆಯಿತು. ನೀಲಾಂಬಿಕೆ ಎರಡು ಸಲ ಬಂದು ಅಭಿನಂದಿಸಿ ಹೋದಳು, ಕೋಳಿ ಅವಳದೇ ಎಂಬಂತೆ.

"ಗೆದ್ದೋರ್ ಮಕ ಇಂಗಿರ್ತದಾ ನಂಜೀ?" ಎಂದರು ಯಜಮಾನರು.

"ಎಂಗದೆ?"

"ಬಿಡು, ನನ್ ಕಣ್ಣೇ ಮಂಜು."

ಮುದ್ದೆ ನಾನೇ ಕಟ್ಟಿದೆ. ಒಂದೂ ಗಂಟಿಲ್ಲ. ಯಾರೂ ಏನೂ ಹೇಳಲಿಲ್ಲ. ಗಂಟಿಲ್ಲದ ಮುದ್ದೆಯ ಬಗ್ಗೆ ಹೇಳಲು ಏನಿರುತ್ತದೆ. ಅರುಣ ಫೋನು ನೋಡುತ್ತಾ ಉಂಡ. ಆಷಾಢದಲ್ಲಿ ಗಂಡ ಹೆಂಡತಿಯ ತವರಿಗೆ ಹೋಗಬಾರದು. ಇವನಿಗೆ ವಾರಕ್ಕೆರಡು ಸಲ ಅರಕಲಗೂಡಿನಲ್ಲಿ ಪೈಪು ಇಳಿಸುವ ಕೆಲಸ ಬೀಳುತ್ತಿದೆ. ನಾನು ಏನೂ ಕೇಳುವುದಿಲ್ಲ.

ಹಾಸನದ ಮನೆಗೆ ಬಣ್ಣ ಹೊಡೆಸುತ್ತಿದ್ದಾರಂತೆ.

ಜುಲೈ 9, ಬುಧವಾರ

ಬೆಳಿಗ್ಗೆ ಮರಿಗಳನ್ನು ಮಂಕರಿ ಬುಟ್ಟಿಯಿಂದ ಬಿಟ್ಟು ಸುಮ್ಮನೆ ಕೂತಿದ್ದೆ. ಹದ್ದು ಬಂತು. ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಹೊರಟು ಹೋಯಿತು. ನಾನು ಮರಿಗಳ ಕಡೆ ತಿರುಗಿದರೆ ನನಗೇ ಒಂದು ಕ್ಷಣ ಕಾಣಲಿಲ್ಲ. ಅವು ಅಲ್ಲೇ ಇದ್ದವು, ಕೆತ್ತಿದ ಮಣ್ಣಿನ ಮೇಲೆ, ಮಣ್ಣಿನದೇ ಬಣ್ಣ. ತಾಯಿ ಕೊಕ್ ಎನ್ನುತ್ತಲೇ ಮಣ್ಣಿನ ಹೆಂಟೆಗಳ ಹಾಗೆ ಕದಲದೆ ಕೂತಿದ್ದವು.

ಬಿಳಿ ಮರಿ ಒಂದೂ ಉಳಿದಿಲ್ಲವಲ್ಲ. ಹದ್ದಿಗೆ ಕಾಣಲು ಏನಿದೆ?

ಇದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಮರಿ ಹೋಗಬಾರದು ಎಂದು ಮಾತಾಗಿತ್ತು, ಹೋಗಿಲ್ಲ. ಯಾವ ಬಣ್ಣದ ಮರಿ ಎಂದು ಅವಳೂ ಕೇಳಿರಲಿಲ್ಲ, ಅಷ್ಟು ಓದಿದವಳು. ಕೋಪದಲ್ಲಿದ್ದಳು, ಮರೆತಳು. ಅದು ನನ್ನ ತಪ್ಪಲ್ಲ.

ಜುಲೈ 10, ಗುರುವಾರ

ನೀಲಾಂಬಿಕೆ ಮತ್ತೆ, "ಕಾಲ್ಗುಣ ಅಂದ್ರೆ ಕಾಲ್ಗುಣ ಕಣಕ್ಕ" ಎಂದಳು. "ನಿಂಗೆ ಕೋಳಿ ಇಸ್ಯ ಏನ್ ಗೊತ್ತು, ಎದ್ದೋಗು" ಎಂದೆ. ಅವಳಿಗೂ ಆಶ್ಚರ್ಯವಾಯಿತು, ನನಗೂ ಆಯಿತು.

ಕಾಲ್ಗುಣ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಇಷ್ಟು ವರ್ಷ ಕೋಳಿ ಸಾಕಿದವಳು, ಹದ್ದು ಯಾಕೆ ವಾಪಸು ಹೋಯಿತು ಎನ್ನುವುದು ಕಣ್ಣಿಗೆ ಬಿದ್ದ ಮೇಲೂ, ಅದು ಸೊಸೆ ಊರಿಗೆ ಹೋದದ್ದರಿಂದ ಎಂದು ಹೇಳಿಕೊಂಡು ತಿರುಗಿದರೆ ನನ್ನ ಕೋಳಿಗಳೇ ನನ್ನನ್ನು ನೋಡಿ ನಗುತ್ತವೆ.

ಜುಲೈ 12, ಶನಿವಾರ

ದುದ್ದಕ್ಕೆ ಹೋಗಿದ್ದೆ. ಕೋಳಿ ಮಾರುವ ದೇವಯ್ಯನ ಹತ್ತಿರ ತಿಂಗಳಾದ ಮರಿಗಳಿದ್ದವು. ಬಿಳಿಯವು ಆರು, ಮಣ್ಣು ಬಣ್ಣದವು ಆರು ತಂದೆ. ಮನೆಯ ಹಳೆಯ ಮರಿಗಳನ್ನು ಕೊಟ್ಟಿಗೆಯಲ್ಲಿ ಕೂಡಿದೆ.

ಹಿತ್ತಲು ಬಿಕೋ ಎನ್ನುತ್ತಿತ್ತು, ಅದಕ್ಕೆ. ಸಮಸಮ ಇದ್ದರೆ ನೋಡಲು ಚಂದ.

"ಯಾವ ಕಡೆ ಪಣ ಕಟ್ಟಿದ್ದೀಯ ನಂಜೀ?" ಎಂದು ಯಜಮಾನರು ಕೇಳಿದರು. ಅವರಿಗೆ ವಯಸ್ಸಾಯಿತು, ಏನೇನೋ ಕೇಳುತ್ತಾರೆ.

ಜುಲೈ 15, ಮಂಗಳವಾರ

ಬೆಳಿಗ್ಗೆ ಒಂದು ಹೋಯಿತು. ಬಿಳಿಯದು.

ಜುಲೈ 16, ಬುಧವಾರ

ಮಧ್ಯಾಹ್ನ ಇನ್ನೊಂದು. ಅದೂ ಬಿಳಿಯದೇ. ಮಣ್ಣು ಬಣ್ಣದವು ಆರೂ ಇವೆ.

"ನಿನ್ ಸೊಸೆ ಅರಕಲಗೂಡ್ನಿಂದ ಇಲ್ಲೀಗಂಟ ಕಾಲು ಚಾಚವ್ಳಾ?" ಎಂದರು ಯಜಮಾನರು.

ಮೊನ್ನೆ ಅವಳು ಅರುಣನಿಗೆ ಫೋನು ಮಾಡಿದ್ದಳು, ಅದು ನಮ್ಮ ಪಡಸಾಲೆಯಲ್ಲೇ ರಿಂಗಾಯಿತು ಎಂದು ಬಾಯಿಗೆ ಬಂತು. ನುಂಗಿಕೊಂಡೆ. ಮಾತು ಕೊಟ್ಟಿದ್ದೇನೆ.

ಉಳಿದ ಬಿಳಿ ಮರಿಗಳನ್ನು ಮಂಕರಿಯಡಿ ಮುಚ್ಚಿದೆ. ಬೇಲಿಗೆ ಕಡ್ಡಿ ನೆಡಿಸಬೇಕು. ಬೆಳೆಯಲು ವರ್ಷವಾದರೂ ಬೇಕು.

ಜುಲೈ 20, ಭಾನುವಾರ

ಶುಂಠಿ ಹೇಗಿದೆ ನೋಡಿಕೊಂಡು ಬರುತ್ತೇನೆಂದು ಹೇಳಿ ಅರಕಲಗೂಡಿನ ಬಸ್ಸು ಹತ್ತಿದೆ. ನಮಗೆ ಶುಂಠಿ ಹೊಲವಿಲ್ಲ. ಯಾರೂ ಕೇಳಲಿಲ್ಲ.

ಗೊರೂರಿನವರೆಗೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಗೊರೂರು ದಾಟಿದ ಮೇಲೆ ಜೋಡಿಸಿದ್ದೆಲ್ಲ ಮರೆತು ಹೋಯಿತು.

ಬೀಗರ ಮನೆಯಲ್ಲಿ ಧನ್ಯಾಳ ತಾಯಿ ಗಾಬರಿಯಾಗಿ ಓಡಿ ಬಂದರು. "ಬನ್ನಿ ಅಕ್ಕ, ಒಳಿಕ್ ಬನ್ನಿ."

"ಆಸಾಡ ಅಲ್ವಾ, ಒಳಿಕ್ ಬರಾಕಿಲ್ಲ. ಇಲ್ಲೇ ಕುಂತ್ಕತೀನಿ" ಎಂದು ಜಗಲಿಯ ಮೇಲೆ ಕೂತೆ. ಧನ್ಯಾ ಹೊಸಿಲಿನ ಒಳಗೆ ನಿಂತಳು. ಕೈಯಲ್ಲಿ ರಾಗಿಹಿಟ್ಟಿತ್ತು. ಅವಳ ತಾಯಿ ಹೊಸಿಲಿನ ಒಂದು ಕಡೆ ನನಗೆ ಕಾಫಿ ಕೊಟ್ಟು, ಇನ್ನೊಂದು ಕಡೆ ಅವಳಿಗೆ ಒಳಗೆ ಹೋಗೆಂದು ಸನ್ನೆ ಮಾಡಿದರು. ಅವಳು ನೋಡಲಿಲ್ಲ.

"ನನ್ ಮಾತು ಸುಳ್ಳಾಯ್ತು ಕಣಮ್ಮ. ನೀನಿಲ್ದಾಗ್ಲೂ ಮರಿ ಓದ್ವು. ಬಿಳೀವು, ಮಣ್ಣು ಬಣ್ಣದವು ಸಮ ತಂದು ಬಿಟ್ಟಿದ್ದೆ. ಬಿಳೀವೇ ಓದ್ವು. ಅದನ್ನ ಏಳಾಕೆ ಬಂದೆ."

ಅವಳು ಕೈಯ ಹಿಟ್ಟು ಕೊಡವಿಕೊಂಡಳು. ಕಣ್ಣು ತುಂಬಿತ್ತೇನೋ, ಒಳಗೆ ಕತ್ತಲೆ, ನನಗೆ ಸರಿಯಾಗಿ ಕಾಣಲಿಲ್ಲ. ಆಮೇಲೆ ಕೇಳಿದಳು, "ಎಷ್ಟು ಹೋದ್ವು ಅತ್ತೆ?"

"ಎಲ್ಡು."

"ಕಾಲ್ಗುಣ ಸುಳ್ಳಾಗೋಕೆ ಒಂದೇ ಸಾಕಾಗಿತ್ತು. ಆದ್ರೆ ನನ್ ಮಾತು ಸರಿ ಅನ್ನೋಕೆ ಎರಡು ಸಾಲ್ದು. ಅಕಸ್ಮಾತ್ ಎರಡೂ ಬಿಳೀವೇ ಸಿಕ್ಕಿರಬೌದು."

ಮೈ ಉರಿಯಿತು. ಬಸ್ಸು ಹತ್ತಿ ಬಂದು, ಬೀಗರ ಜಗಲಿಯ ಮೇಲೆ ಕೂತು ಸೋತೆ ಎಂದು ಹೇಳಿದರೆ, ಗೆದ್ದವಳು ಗೆಲುವು ಸಾಲದು ಎನ್ನುತ್ತಾಳೆ. "ಎಲ್ಡು ಮರಿ ಕಳ್ಕಂಡಿವ್ನಿ ಕಣೆ ನಾನು. ಇನ್ನೆಷ್ಟು ಬೇಕು ನಿಂಗೆ?"

"ಅತ್ತೆ, ನಿಮ್ ಮಾತಿಗೆ ಒಂದು ನ್ಯಾಯ, ನನ್ ಮಾತಿಗೆ ಒಂದು ನ್ಯಾಯ ಅಂದ್ರೆ ನೀವೇ ನನ್ನ ಬಿಡ್ತೀರಾ?"

ಬಿಡುವುದಿಲ್ಲ. ಅದು ಅವಳಿಗೆ ಹೇಗೆ ಗೊತ್ತಾಯಿತೋ.

"ವರ್ಷ ಪೂರ್ತಿ ನೋಡ್ಬೇಕು" ಎಂದಳು. "ಮಳೆಗಾಲದಲ್ಲಿ ಹಸಿರಿರ್ತದೆ, ಬೇಸಿಗೇಲಿ ಬರೀ ಮಣ್ಣು. ಬೇಲಿ ಇರೋವಾಗ ಏನಾಗ್ತದೆ ಅಂತಾನೂ ನೋಡ್ಬೇಕು."

"ಆಸನ್‌ದ ಮಾಳಿಗೆ ಮ್ಯಾಲೆ ಕುಂತ್ಕಂಡು ನೋಡ್ತೀಯಾ?"

ಅದಕ್ಕೆ ಅವಳು ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದ ಮೊದಲ ಪ್ರಶ್ನೆ ಅದು. ನಾನೂ ಎರಡನೆಯ ಸಲ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಜುಲೈ 27, ಭಾನುವಾರ

ಶ್ರಾವಣ ಬಂತು. ಅರುಣ ಬೆಳಿಗ್ಗೆಯೇ ಅವಳನ್ನು ಕರೆತರಲು ಹೋದ. ಎಲ್ಲಿಗೆ ಕರೆತರುತ್ತೀಯ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಡಿಗೆ ನಾಲ್ಕು ಜನಕ್ಕೆ ಮಾಡಿದೆ. ಮಿಕ್ಕರೆ ಹಸುವಿಗೆ ಹಾಕಿದರಾಯಿತು.

ಮಧ್ಯಾಹ್ನ ಹಿತ್ತಲಿನಲ್ಲಿದ್ದೆ. ಮಂಕರಿ ಎತ್ತಿ, ದುದ್ದದಿಂದ ತಂದ ಬಿಳಿಯವು, ಮಣ್ಣು ಬಣ್ಣದವು ಎಲ್ಲವನ್ನೂ ಬಿಟ್ಟಿದ್ದೆ. ಹಿಂದಿನಿಂದ, "ನಾಲ್ಕು ಬಿಳೀವು ಬಿಟ್ಟಿದ್ರೆ ಮಣ್ಣು ಬಣ್ಣದವೂ ನಾಲ್ಕೇ ಇರ್ಬೇಕು ಅತ್ತೆ, ಆರಲ್ಲ" ಎಂದು ದನಿ ಕೇಳಿತು. ತಿರುಗಿದರೆ ಧನ್ಯಾ. ಸೀರೆಯನ್ನೂ ಬದಲಾಯಿಸದೆ ನೇರ ಹಿತ್ತಲಿಗೇ ಬಂದಿದ್ದಳು.

"ಬಂದ್ಯಾ" ಎಂದೆ.

"ಬಂದೆ" ಎಂದಳು.

ಅಷ್ಟರಲ್ಲಿ ಮೇಲೆ ನೆರಳು ಸುಳಿಯಿತು. ಹದ್ದು ಹೊಂಗೆಯ ಮೇಲಿಂದ ಇಳಿಯುತ್ತಿತ್ತು. ಧನ್ಯಾ ನನ್ನ ತೋಳು ಹಿಡಿದಳು. "ಕೂಗ್ಬೇಡಿ ಅತ್ತೆ, ಯಾವುದಕ್ಕೆ ಎರಗ್ತದೆ ನೋಡ್ಬೇಕು, ಓಡಿಸಿದ್ರೆ ಪರೀಕ್ಷೆ ಕೆಡ್ತದೆ."

ನಾನು ಸುಮ್ಮನೆ ನಿಂತೆ. ನಿಜವಾಗಿಯೂ ನಿಂತೆ. ಹದ್ದು ರೆಕ್ಕೆ ಮಡಚಿ ಬಿಳಿ ಮರಿಯ ಕಡೆ ಬಂತು. ಆಗ ಪಕ್ಕದಲ್ಲಿ "ಹೋ, ಹೋ" ಎಂದು ಕಿವಿ ತೂತಾಗುವ ಹಾಗೆ ಕೂಗು ಎದ್ದಿತು. ಕೂಗಿದವಳು ಅವಳೇ. ಸೆರಗು ಬೀಸುತ್ತಾ ಓಡಿದಳು. ನಾನೂ ಕೂಗುತ್ತಾ ಹಿಂದೆ ಓಡಿದೆ. ಹದ್ದು ಬರಿಗಾಲಲ್ಲಿ ವಾಪಸಾಯಿತು.

ಗಲಾಟೆ ಕೇಳಿ ನೀಲಾಂಬಿಕೆ ಬಂದಳು. "ಏನಾಯ್ತಕ್ಕ, ಪರೀಕ್ಷೆ ಮುಗೀತಾ?"

ಧನ್ಯಾ ಏದುಸಿರು ಬಿಡುತ್ತಾ ನಿಂತಿದ್ದಳು. ನಾನೇ ಹೇಳಬೇಕಾಯಿತು.

"ಎಲ್ಲಿ ಮುಗೀತದೆ? ಕೂಗಿ ಎಲ್ಲ ಕೆಡ್ಸವ್ಳೆ. ಮೊದ್ಲಿಂದ ಸುರು ಮಾಡ್ಬೇಕು ನಾವು. ವರ್ಸ ಇಡೀತದೆ" ಎಂದೆ.